ಹಾಸಿಗೆ ಅಂಗಡಿಯ ಅಳಿಯ

ನಮ್ಮ ಮನೆಯಲ್ಲಿ ಬೆಂಕಿ ಅಪ್ಪಣೆ ಕೇಳದೆ ಒಳಗೆ ಬರುವ ಹಾಗಿರಲಿಲ್ಲ. ಬೀದಿಗೆ ಮುಖ ಮಾಡಿದ ಹಾಸಿಗೆ ಅಂಗಡಿ, ಅದರ ಬೆನ್ನಿಗೆ ಅಂಟಿಕೊಂಡ ಅಡುಗೆಮನೆ, ಎರಡರ ನಡುವೆ ತಗಡು ಬಡಿದ ಒಂದು ದಪ್ಪ ಬಾಗಿಲು. ಅಂಗಡಿಯಲ್ಲಿ ಮಾಡಿನವರೆಗೂ ಹಿಂಜಿದ ಹತ್ತಿ. ಅದಕ್ಕೇ ಅಮ್ಮ ಒಲೆ ಹಚ್ಚುವ ಮೊದಲು "ಒಲೆ!" ಎಂದು ಕೂಗಬೇಕು. ಅಂಗಡಿಯಲ್ಲಿದ್ದವರು ನಡುಬಾಗಿಲು ಹಾಕಿ "ಬಾಗಿಲು!" ಎಂದು ಕೂಗಬೇಕು. ಆ ಕೂಗು ಬಂದ ಮೇಲೆಯೇ ಕಡ್ಡಿ ಗೀರುವುದು. ಹೆಚ್ಚಿನ ದಿನ ಆ ಕೂಗು ಅಪ್ಪನದೇ. ಗಿರಾಕಿಯ ಜೊತೆ ಚೌಕಾಸಿ ನಡೆದಿದ್ದರೂ, ಹಲ್ಲಲ್ಲಿ ದಾರ ಕಚ್ಚಿಕೊಂಡಿದ್ದರೂ ಅಪ್ಪನ ಕಾಲು ತಾನಾಗಿ ಹೋಗಿ ಬಾಗಿಲು ದೂಡುತ್ತಿತ್ತು. ನಾನು ತೊದಲಿ ಆಡಿದ ಮೊದಲ ಮಾತು ಅಮ್ಮ ಅಂತಲೂ ಅಲ್ಲ, ಅಪ್ಪ ಅಂತಲೂ ಅಲ್ಲ, "ಬಾಗಿಯು" ಅಂತ ಅಜ್ಜಿ ಇವತ್ತಿಗೂ ಹೇಳುತ್ತಾಳೆ. ಅಜ್ಜಿ ಹೇಳಿದ್ದರಲ್ಲಿ ಅರ್ಧ ಕಥೆ. ಯಾವ ಅರ್ಧ ಅನ್ನುವುದು ಗೊತ್ತಾಗುವುದಿಲ್ಲ, ಅಷ್ಟೆ.

ಅಂಥ ಮನೆಯಲ್ಲಿ ಒಂದು ಮಧ್ಯಾಹ್ನ ಊಟದ ನಡುವೆ ಅಕ್ಕ ಅಂದಳು:

"ವಿಮಾನ ನಿಲ್ದಾಣದಲ್ಲಿ ಬೆಂಕಿ ಆರಿಸೋರನ್ನ ತಗೊಳ್ತಿದ್ದಾರೆ. ನಾನು ಅರ್ಜಿ ಹಾಕಿದ್ದೆ. ಬರೆಯೋ ಪರೀಕ್ಷೆ ಪಾಸಾಗಿದೆ. ಇನ್ನು ಮೈ ಪರೀಕ್ಷೆ, ಆಮೇಲೆ ಸಂದರ್ಶನ."

ಅಪ್ಪನ ಕೈಯ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

"ಹತ್ತಿ ಮನೆ ಹುಡುಗಿ ಬೆಂಕಿ ಕೆಲಸಕ್ಕೆ ಹೋಗೋದಾ?"

"ಹಚ್ಚೋಕಲ್ಲಪ್ಪ, ಆರಿಸೋಕೆ."

"ಎರಡಕ್ಕೂ ಅದರ ಹತ್ತಿರ ಹೋಗ್ಬೇಕು ತಾನೆ?"

"ರೀ, ಮೊದಲು ಊಟ, ಆಮೇಲೆ ಜಗಳ," ಅಂದಳು ಅಮ್ಮ. "ಆರಿದ ಅನ್ನ ಎರಡನೇ ಸಲ ಬಿಸಿ ಮಾಡೋಳಲ್ಲ ನಾನು."

ಅಪ್ಪ ಅಮ್ಮನ ಕಡೆ ತಿರುಗಿದ. "ನಿಂಗೆ ಗೊತ್ತಿತ್ತಾ?"

"ಪರೀಕ್ಷೆಗೆ ಗಾಡೀಲಿ ಬಿಟ್ಟು ಬಂದಿದ್ದೇ ನಾನು. ದಾರೀಲಿ ಎರಡು ಹಾಸಿಗೆ ಇಳಿಸಿ ಹೋದ್ವಿ. ಪೆಟ್ರೋಲೇನೂ ದಂಡ ಆಗ್ಲಿಲ್ಲ."

ಅಂಗಡಿಯ ಗಾಡಿ ಓಡಿಸುವವಳು ಅಮ್ಮ. ಮಾಡಿನ ಮೇಲೆ ನಾಲ್ಕು ಹಾಸಿಗೆ ಕಟ್ಟಿಕೊಂಡು ಅವಳು ತಿರುವಿನಲ್ಲಿ ಬಂದರೆ ಸೈಕಲ್ಲಿನವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದರು. ವಿಮಾನ ನಿಲ್ದಾಣದ ಅಗ್ನಿಶಾಮಕ ಠಾಣೆಗೆ ಹಾಸಿಗೆ ಕೊಡುವವರೂ ನಾವೇ. ಅಕ್ಕನಿಗೆ ಈ ಹುಚ್ಚು ಹತ್ತಿದ್ದು ಅಲ್ಲೇ. ಒಮ್ಮೆ ಅಮ್ಮನ ಜೊತೆ ಹಾಸಿಗೆ ಇಳಿಸಲು ಹೋದಾಗ ಠಾಣೆಯಲ್ಲಿ ಗಂಟೆ ಹೊಡೆಯಿತಂತೆ. ಹಾಸಿಗೆಗಳ ಮೇಲೆ ಒರಗಿದ್ದವರೆಲ್ಲ ರೆಪ್ಪೆ ಬಡಿಯುವಷ್ಟರಲ್ಲಿ ಮಾಯ. ಅಪ್ಪ ಹೊಲಿದ ಹಾಸಿಗೆಗಳ ಮೇಲೆ ಅವರ ಮೈಯ ಗುಳಿ ಮಾತ್ರ ಉಳಿದಿತ್ತು, ಕೈಯಿಟ್ಟರೆ ಇನ್ನೂ ಬೆಚ್ಚಗೆ. ಅದನ್ನು ಅಕ್ಕ ಅವತ್ತೂ ಹೇಳಿದಳು.

"ನಾನು ಹಾಸಿಗೆ ಹೊಲಿದು ಕೊಟ್ಟಿದ್ದು ಅವರು ಮಲಗಲಿ ಅಂತ," ಅಂದ ಅಪ್ಪ, "ಎದ್ದು ಓಡಲಿ ಅಂತಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಮಗಳೇ."

"ಹಾಸಿಗೆ ಮಾಡೋರೇ ನಾವಲ್ವಾ? ಒಂದು ಮೊಳ ಉದ್ದ ಮಾಡಿದ್ರಾಯ್ತು."

ಅಜ್ಜಿ ಕಿಸಕ್ಕನೆ ನಕ್ಕು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳು ಅಪ್ಪನ ತಾಯಿ. ಆದರೆ ಮನೆಯ ಜಗಳಗಳಲ್ಲಿ ಅವಳು ಯಾವತ್ತೂ ಮಗನ ಪಕ್ಷ ಸೇರಿದವಳಲ್ಲ.

"ಅಂಗಡಿ ಯಾರು ನೋಡ್ಕೋತಾರೆ?" ಅಪ್ಪ ನನ್ನ ಕಡೆ ಬೆರಳು ಮಾಡಿದ. "ಇವಳಾ? ಇವಳ ಕೈಗೆ ಹತ್ತಿ ಕೊಟ್ರೆ ಮೋಡ ಮಾಡಿ ಊದ್ತಾ ಕೂರ್ತಾಳೆ!"

ಅದು ಸುಳ್ಳಾಗಿರಲಿಲ್ಲ. ನಾನು ಬೇಳೆ ಕಲಸಿಕೊಂಡೆ.

"ಮುಂದಿನ ಸಲ ಕರೆಯೋ ಹೊತ್ತಿಗೆ ನನ್ನ ವಯಸ್ಸು ದಾಟಿರುತ್ತಪ್ಪ," ಅಂದಳು ಅಕ್ಕ. ಅವಳ ದನಿ ಏರಲಿಲ್ಲ. "ಇದೊಂದೇ ಸಲ. ಆಗ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ದಬ್ಬಳ ಹಿಡೀತೀನಿ. ನನ್ನಾಣೆ."

ಅಪ್ಪ ತುತ್ತನ್ನು ಬಾಯಿಗಿಟ್ಟುಕೊಂಡ. ಒಪ್ಪಿಗೆ ಅಂತಲ್ಲ, ಅನ್ನ ಆರುತ್ತಿತ್ತು ಅಂತ.

ಮಾರನೆಯ ದಿನದಿಂದ ಮನೆಯ ವಸ್ತುಗಳಿಗೆಲ್ಲ ಹೊಸ ಕೆಲಸ ಹುಟ್ಟಿತು. ಹತ್ತಿ ತೂಗುವ ತೊಲೆಗೆ ಹಗ್ಗ ಬಿತ್ತು, ಅಕ್ಕ ಅದನ್ನು ಹತ್ತಿ ಇಳಿದಳು. ಗಿರಾಕಿಗೆಂದು ಕಟ್ಟಿಟ್ಟ ಹಾಸಿಗೆಗಳನ್ನು ಅತ್ತ ಇತ್ತ ನಿಲ್ಲಿಸಿ ಮೇಲೊಂದು ಮುಚ್ಚಿದರೆ ಸುರಂಗ. ಹೊಗೆಯಲ್ಲಿ ತೆವಳುವ ಪರೀಕ್ಷೆಗೆ ಅಕ್ಕ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದರೊಳಗೆ ನುಗ್ಗುತ್ತಿದ್ದಳು. ಒಮ್ಮೆ ಹಾಸಿಗೆ ಕೊಳ್ಳಲು ಬಂದ ಗಂಡಹೆಂಡಿರ ಕಾಲಬುಡದಲ್ಲಿ ಅಕ್ಕನ ತಲೆ ಹೊರಗೆ ಬಂತು. ಹೆಂಗಸು ಕಿರುಚಿಕೊಂಡಳು. "ಹೆದರ್ಬೇಡಿ," ಅಂದ ಅಪ್ಪ ಮುಖ ಕೆಡಿಸಿಕೊಂಡು, "ಒಳಗೆ ಎಷ್ಟು ಮೆತ್ತಗಿದೆ ಅಂತ ನೋಡ್ತಿದ್ಲು." ಅವರು ಎರಡು ಹಾಸಿಗೆ ತೆಗೆದುಕೊಂಡು ಹೋದರು.

ಅಮ್ಮ ಮೊಟ್ಟೆ ಬೇಯಿಸುವುದು ಹೆಚ್ಚಿತು. ಅಕ್ಕನ ತಟ್ಟೆಗೆ ಮೊಟ್ಟೆ ಬಿದ್ದಾಗೆಲ್ಲ ಅಪ್ಪ ತನ್ನ ತಟ್ಟೆಯನ್ನು ಒಂದು ಗೇಣು ಮುಂದೆ ಸರಿಸುತ್ತಿದ್ದ. "ಪರೀಕ್ಷೆ ಬರೆದೋರಿಗೆ ಮಾತ್ರ," ಅನ್ನುತ್ತಿದ್ದಳು ಅಮ್ಮ.

ಪರೀಕ್ಷೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಮನುಷ್ಯನನ್ನು ಹೊರುವುದು. ಪ್ರಜ್ಞೆ ತಪ್ಪಿದವನ ಹಾಗೆ ನೆಲದ ಮೇಲೆ ಒಂದು ಬೊಂಬೆ ಬಿದ್ದಿರುತ್ತದೆ, ಅರವತ್ತು ಕಿಲೋದ್ದು. ಅದನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಮೈದಾನದ ಆ ತುದಿಗೆ ಹೋಗಿ ಇಳಿಸಬೇಕು, ಕೊಟ್ಟ ಹೊತ್ತಿನೊಳಗೆ. ಉಳಿದದ್ದರಲ್ಲಿ ಸ್ವಲ್ಪ ಹಿಂದೆಮುಂದೆ ಆದರೂ ನಡೆಯುತ್ತದೆ, ಇದರಲ್ಲಿ ತಪ್ಪಿದರೆ ಮನೆಗೆ ದಾರಿ. ಅಕ್ಕ ಎರಡು ಗೋಣಿಗೆ ಮರಳು ತುಂಬಿ, ತಾನೇ ಹೊಲಿದು ಒಂದು ಬೊಂಬೆ ಮಾಡಿದಳು. ಎತ್ತಿದ ಕೂಡಲೇ ಅದರ ಕಂಕುಳು ಹರಿದು ಅಂಗಡಿಯ ತುಂಬ ಮರಳು ಚೆಲ್ಲಿತು.

ಅಪ್ಪ ಗೋಣಿ ಎತ್ತಿ ಹೊಲಿಗೆ ನೋಡಿದ. ಅವನ ಮುಖ ಹುಳಿ ತಿಂದ ಹಾಗಾಯಿತು.

"ಇದು ಹೊಲಿಗೇನಾ? ಕೋಳಿ ಕೆರೆದಿದೆಯಾ?"

"ನೀನೇ ಮಾಡ್ಕೊಡು ಹಾಗಾದ್ರೆ."

"ನಾನ್ಯಾಕೆ ಮಾಡ್ಲಿ? ನಂಗೂ ನಿನ್ನ ಬೆಂಕಿಗೂ ಸಂಬಂಧ ಇಲ್ಲ." ಅಪ್ಪ ಗೋಣಿಯನ್ನು ಮೂಲೆಗೆ ಎಸೆದ. ಸ್ವಲ್ಪ ಹೊತ್ತು ಹಾಸಿಗೆ ಹೊಲಿದ. ಮತ್ತೆ ಎದ್ದು ಹೋಗಿ ಗೋಣಿ ನೋಡಿದ. "ನನ್ನ ಅಂಗಡಿಯಿಂದ ಇಂಥದ್ದೊಂದು ಆಚೆ ಹೋಗಿ, ನೋಡಿದೋರು ಯಾರು ಹೊಲಿದಿದ್ದು ಅಂತ ಕೇಳಿದ್ರೆ?"

ಮೂರು ದಿನ ಅಪ್ಪ ಗಿರಾಕಿಗಳ ಕೆಲಸ ಬದಿಗಿಟ್ಟ. ಪಟ್ಟೆ ಬಟ್ಟೆಯ ಬೊಂಬೆ ಎದ್ದು ಕೂತಿತು. ಹೊಟ್ಟೆಗೆ ಮರಳಿನ ಚೀಲ, ಅದರ ಸುತ್ತ ಒತ್ತಿ ತುಂಬಿದ ಹತ್ತಿ, ತೋಳು ತೊಡೆಗಳಿಗೆ ಹಾಸಿಗೆಗೆ ಹಾಕುವಂಥದೇ ಅಡ್ಡಹೊಲಿಗೆ. ಎಲ್ಲಿ ಒತ್ತಿದರೂ ಒಂದೇ ಗಟ್ಟಿ, ಎಲ್ಲಿ ಹಿಡಿದರೂ ಒಂದೇ ತೂಕ. ಅಜ್ಜಿ ಕನ್ನಡಕ ಹಾಕಿಕೊಂಡು ಅದರ ಸುತ್ತ ಒಂದು ಸುತ್ತು ಬಂದಳು.

"ಮಾತಿಲ್ಲ, ಕತೆಯಿಲ್ಲ. ತಿನ್ನೋಕೂ ಕೇಳಲ್ಲ. ಕೂತ ಕಡೆ ಕೂತಿರ್ತಾನೆ. ಇಂಥ ಅಳಿಯ ಎಲ್ಲಿ ಸಿಗ್ತಾನೆ?"

"ಅಳಿಯನಂತೆ ಅಳಿಯ!" ಅಪ್ಪ ಗೊಣಗಿದ. ಆದರೆ ಹೆಸರು ನಿಂತಿತು. ಅಕ್ಕ ದಿನಾ ಅಳಿಯನನ್ನು ಹೊತ್ತು ಬೀದಿಯ ಕೊನೆಯವರೆಗೆ ಓಡಿದಳು. ಎದುರಿನ ಬೇಕರಿಯವರು ಬಾಗಿಲಲ್ಲಿ ನಿಂತು, "ಏನಮ್ಮಾ, ಅಳಿಯಂದ್ರು ಕ್ಷೇಮಾನಾ?" ಅಂತ ಕೇಳುವುದು ವಾಡಿಕೆಯಾಯಿತು. ಓಟ ಮುಗಿದ ಮೇಲೆ ಅಳಿಯ ಊಟದ ಕೋಣೆಯಲ್ಲಿ ಖಾಲಿ ಕುರ್ಚಿಯ ಮೇಲೆ ಕೂರುತ್ತಿದ್ದ. ಅಮ್ಮ ಮರೆತು ಒಂದು ದಿನ ಅವನ ಮುಂದೆಯೂ ತಟ್ಟೆ ಇಟ್ಟಳು.

ಪರೀಕ್ಷೆಗೆ ಎರಡು ವಾರ ಮೊದಲು, ಬೇಕಾದವರು ಬಂದು ಸಲಕರಣೆಗಳನ್ನು ಮುಟ್ಟಿ ನೋಡಬಹುದು ಅಂತ ನಿಲ್ದಾಣದವರು ಒಂದು ದಿನ ಇಟ್ಟರು. ಅಮ್ಮ, ನಾನು, ಅಕ್ಕ ಗಾಡಿಯಲ್ಲಿ ಹೋದೆವು. ತಂತಿ ಬೇಲಿಯ ಆಚೆ ಮೈದಾನ. ಅದರಾಚೆ ಹಳದಿ ಬಣ್ಣದ ದೊಡ್ಡ ದೊಡ್ಡ ಬೆಂಕಿಗಾಡಿಗಳು ಕಥೆಯಲ್ಲಿ ಮಲಗಿರುವ ರಾಕ್ಷಸರ ಹಾಗೆ ಸಾಲಾಗಿದ್ದವು. ಕೊರಳಲ್ಲಿ ಸೀಟಿ ಹಾಕಿಕೊಂಡ ತರಬೇತಿಯ ಮೇಡಂ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು.

ಅಕ್ಕ ಹಗ್ಗ ಹತ್ತಿದಳು. ಸುರಂಗದಲ್ಲಿ ತೆವಳಿದಳು. ಎಲ್ಲರಿಗಿಂತ ಮೊದಲು ಆಚೆ ಬಂದು ನಮ್ಮ ಕಡೆ ಕೈಬೀಸಿದಳು. ಆಮೇಲೆ ಬೊಂಬೆಯ ಹತ್ತಿರ ಹೋಗಿ ಅಳಿಯನನ್ನು ಎತ್ತುವ ಹಾಗೆಯೇ ಎತ್ತಿದಳು.

ಅದು ಅಳಿಯನ ಹಾಗೆ ಎದ್ದು ಬರಲಿಲ್ಲ. ಸೊಂಟ ಮೇಲೆ ಬಂದರೆ ತಲೆ ಕೆಳಗೆ ಜೋತಿತು. ತಲೆ ಹಿಡಿದರೆ ಕಾಲು ಜಾರಿತು. ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹಾವಿನ ಹಾಗೆ ಬೆನ್ನ ಹಿಂದೆ ಇಳಿದು ದಪ್ಪೆಂದು ಬಿತ್ತು. ಮತ್ತೆ ಎತ್ತಿದಳು. ಮತ್ತೆ ಬಿತ್ತು.

"ಬೊಂಬೆ ಇಟ್ಕೊಂಡು ಅಭ್ಯಾಸ ಮಾಡಿದ್ದೀಯ?" ಮೇಡಂ ಕೇಳಿದ್ದು ಬೇಲಿಯವರೆಗೂ ಕೇಳಿಸಿತು.

"ಹೌದು ಮೇಡಂ. ಅಪ್ಪ ಮಾಡಿಕೊಟ್ಟಿದ್ದು."

"ಗಟ್ಟಿ ಬೊಂಬೆ ಇರಬೇಕು. ನಿಜವಾಗಿ ಪ್ರಜ್ಞೆ ತಪ್ಪಿದೋರು ನಿನಗೆ ಸಹಾಯ ಮಾಡಲ್ಲಮ್ಮ. ಮೈ ಪೂರಾ ಬಿಟ್ಟಿರ್ತಾರೆ."

ಬರುವ ದಾರಿಯಲ್ಲಿ ಗಾಡಿಯಲ್ಲಿ ಅಕ್ಕ ಅಂದಳು, "ನಮ್ಮ ಅಳಿಯ ತೀರಾ ಮರ್ಯಾದಸ್ಥ ಅಮ್ಮ. ಅಲ್ಲಿರೋನು ಕುಡುಕ." ಅಮ್ಮ ನಕ್ಕಳು. ಅಕ್ಕ ನಗಲಿಲ್ಲ.

ಮನೆಯಲ್ಲಿ ಸುದ್ದಿ ಕೇಳಿ ಅಪ್ಪನಿಗೆ ಸಿಟ್ಟೇ ಬಂತು. ಮಗಳು ಸೋತಳು ಅಂತಲೋ, ಬೊಂಬೆ ಸೋತಿತು ಅಂತಲೋ ತಿಳಿಯಲಿಲ್ಲ.

"ನನ್ನ ಹೊಲಿಗೆ ಸರಿ ಇಲ್ಲ ಅಂದ್ರಾ?"

"ಜಾಸ್ತಿ ಸರಿ ಇದೆ ಅಪ್ಪ. ಅದೇ ತೊಂದರೆ. ಸ್ವಲ್ಪ ಸಡಿಲ ಮಾಡ್ತೀಯಾ?"

ಅಪ್ಪ ಅಳಿಯನ ಮೈ ಬಿಚ್ಚಿ ಕೂತ. ಹತ್ತಿ ತೆಗೆದ, ಕೀಲಿಗೆ ಹೊಲಿಗೆ ಬಿಟ್ಟ. ಮಾರನೆಯ ದಿನ ನೋಡಿದರೆ ಅಳಿಯ ಮೊದಲಿಗಿಂತ ನೆಟ್ಟಗೆ ಕೂತಿದ್ದಾನೆ.

"ಏನಪ್ಪಾ ಇದು?"

"ಏನು ಮಾಡ್ಲಿ?" ಅಪ್ಪ ತನ್ನ ಬೆರಳುಗಳನ್ನೇ ಬೈಯುವವನ ಹಾಗೆ ನೋಡಿಕೊಂಡ. "ಸಡಿಲ ಬಿಡೋಣ ಅಂತಾನೇ ಕೂತೆ. ಕೈ ಕೇಳಲ್ಲ. ಉಬ್ಬುತಗ್ಗು ಕಂಡ್ರೆ ತಾನೇ ತುಂಬಿಬಿಡುತ್ತೆ."

ಅಜ್ಜಿ ಅಳಿಯನ ಮಂಡಿ ತಟ್ಟಿದಳು. "ಬೊಂಬೆ ಬಿಡು. ನೀನೇ ಮಲಗು."

"ಯಾರು?"

"ನೀನೇ ಕಣೋ. ಸೊಸೆ ಗಾಡಿ ಓಡಿಸ್ಬೇಕು. ಇವಳು," ಅಂದರೆ ನಾನು, "ಗಾಳಿಗೆ ಹಾರೋ ಹಾಗಿದ್ದಾಳೆ. ನಾನು ಬಿದ್ದರೆ ಮೂಳೆ ಆರಿಸ್ಬೇಕಾಗುತ್ತೆ."

"ನನ್ನ ತೂಕದ ವಿಷಯ ಯಾರೂ ಎತ್ಬೇಡಿ," ಅಂತ ಅಡುಗೆಮನೆಯಿಂದ ಅಮ್ಮನ ದನಿ ಬಂತು.

ಅಪ್ಪನನ್ನು ಹತ್ತಿಯ ತಕ್ಕಡಿಯ ಮೇಲೆ ನಿಲ್ಲಿಸಿದೆವು. ಅಳಿಯನಿಗಿಂತ ನಾಲ್ಕೇ ಕಿಲೋ ಹೆಚ್ಚು. ಅಪ್ಪನಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. "ನಾನು ಒಪ್ಪಿದ್ದೀನಿ ಅಂತ ಯಾರೂ ತಿಳ್ಕೋಬೇಡಿ," ಅನ್ನುತ್ತಲೇ ಅಂಗಡಿಯ ನೆಲದ ಮೇಲೆ ಅಂಗಾತ ಮಲಗಿದ. "ನನ್ನ ಹೊಲಿಗೆಗೆ ಕೆಟ್ಟ ಹೆಸರು ಬಂತಲ್ಲ, ಅದಕ್ಕೆ."

ಅಕ್ಕ ಅವನ ಕಂಕುಳಿಗೆ ಕೈ ಹಾಕಿದಳು. ಅಪ್ಪ ತಾನೇ ಅರ್ಧ ಎದ್ದು ಕೂತ.

"ಅಪ್ಪಾ, ನಿಂಗೆ ಪ್ರಜ್ಞೆ ಇಲ್ಲ!"

"ಸರಿ ಸರಿ."

ಎರಡನೇ ಸಲ ಹೆಗಲಿಗೆ ಹಾಕಿಕೊಂಡಾಗ ಅಪ್ಪ ಹಲಗೆಯ ಹಾಗೆ ಬಿಗಿದುಕೊಂಡ. ಮೂರನೇ ಸಲ, "ಬೀಳ್ತೀಯ, ಬೀಳ್ತೀಯ, ಎಡಗಾಲು ನೋಡ್ಕೋ," ಅಂತ ಹೆಗಲ ಮೇಲಿಂದಲೇ ದಾರಿ ಹೇಳಿದ. ನಾಲ್ಕನೇ ಸಲ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡುಬಿಟ್ಟ. ಅಕ್ಕ ಮುಂದಕ್ಕೆ, ಅಪ್ಪ ಹಿಂದಕ್ಕೆ. ಬೇಕರಿಯವರು ಎದುರಿನಿಂದ ಓಡಿ ಬಂದರು. ನಮ್ಮ ಮನೆಯಲ್ಲಿ ಹೊಡೆದಾಟ ಅಂದುಕೊಂಡಿದ್ದರು.

"ಮೈ ಬಿಡಪ್ಪಾ!" ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. "ನೀನೂ ಅಳಿಯನ ಹಾಗೇ!"

"ಬಿಡೋದು ಅಂದ್ರೆ ಹೇಗೆ ಬಿಡ್ಲಿ? ನನ್ನನ್ನ ಯಾರಾದ್ರೂ ಹೊತ್ತಿದ್ರೆ ತಾನೆ ಗೊತ್ತಾಗೋದು!"

"ನಾನು ಹೊತ್ತಿದ್ದೀನಿ," ಅಂದಳು ಅಜ್ಜಿ.

ಎಲ್ಲರೂ ಅವಳ ಕಡೆ ನೋಡಿದೆವು.

"ಆಗಲೂ ಹೀಗೇ ಇದ್ದ. ಎತ್ತಿಕೊಂಡ್ರೆ ಬಿಲ್ಲಿನ ಹಾಗೆ ಸೆಟೆದುಕೊಳ್ಳೋನು. ಕಥೆ ಶುರು ಮಾಡಿದ್ರೆ ಮಾತ್ರ ಸಡಿಲ ಆಗೋನು. ಹ್ಞೂಂ ಅಂತಿರೋನು, ಅಂತಿರೋನು, ಹ್ಞೂಂ ನಿಂತಿತು ಅಂದ್ರೆ ಮೈ ಬಿಟ್ಟ ಅಂತ ಲೆಕ್ಕ." ಅಜ್ಜಿ ತನ್ನ ಮೋಟು ಸ್ಟೂಲನ್ನು ಎಳೆದುಕೊಂಡು ಅಪ್ಪನ ತಲೆಯ ಹತ್ತಿರ ಕೂತಳು. "ಮಲಗೋ. ಒಬ್ಬ ಮುದುಕ ಇದ್ದ. ಗಾಳೀನ ಚೀಲದಲ್ಲಿ ತುಂಬಿ ಮಾರ್ತಿದ್ದ."

"ಅಮ್ಮಾ, ನಂಗೆ ತಲೆ ನರೆತಿದೆ."

"ಹ್ಞೂಂ ಅನ್ನು."

ಅಪ್ಪ ಮಾಡು ನೋಡುತ್ತಾ ಮಲಗಿದ. "ಹ್ಞೂಂ," ಅಂದ, ಬೇಸರದಿಂದ.

"ಹೆಗಲ ಮೇಲೆ ಏಳು ಚೀಲ. ಮೊದಲನೇ ಊರಿಗೆ ಬಂದ. ಅಲ್ಲಿ ಒಗೆದ ಬಟ್ಟೆ ಒಣಗ್ತಾನೇ ಇರ್ಲಿಲ್ಲ."

"ಹ್ಞೂಂ."

"ಒಂದು ಚೀಲದ ಗಂಟು ಬಿಚ್ಚಿದ. ಊರ ಬಟ್ಟೆಯೆಲ್ಲ ಒಂದೇ ಸಲ ಪಟಪಟ ಅಂತು."

"ಹ್ಞೂಂ."

ಎರಡನೇ ಊರಿನಲ್ಲಿ ಮಕ್ಕಳ ಗಾಳಿಪಟಗಳು ಎದ್ದವು. ಮೂರನೆಯ ಊರಿನಲ್ಲಿ ನಿಂತ ಹಾಯಿದೋಣಿಗಳು ಹೊರಟವು. ಅಜ್ಜಿಯ ದನಿ ಹತ್ತಿಯ ಹಾಗೆ ಹಿಂಜಿ ಹಿಂಜಿ ಹರಡುತ್ತಿತ್ತು. ನಾಲ್ಕನೆಯ ಊರಿನ ಹೊತ್ತಿಗೆ ಅಪ್ಪನ ಹ್ಞೂಂ ಬರೀ ಉಸಿರಾಯಿತು. ಐದನೆಯ ಊರಿನಲ್ಲಿ ನಿಂತಿತು. ಅಜ್ಜಿ ಕಥೆ ನಿಲ್ಲಿಸದೆ ಅಕ್ಕನಿಗೆ ಕಣ್ಸನ್ನೆ ಮಾಡಿದಳು.

ಅಕ್ಕ ಬಗ್ಗಿ ಎತ್ತಿದಳು. ಅಪ್ಪನ ತಲೆ ಜೋತಿತು, ಕೈ ತೂಗಿತು. ಆರು ಹೆಜ್ಜೆ ಹೋದಳು. "ಯಾರದು!" ಅಂತ ಅಪ್ಪ ಎಚ್ಚರಗೊಂಡು ಸೆಟೆದ. ಇಬ್ಬರೂ ಹತ್ತಿಯ ರಾಶಿಗೆ ಬಿದ್ದರು. ಇಡೀ ಅಂಗಡಿಯಲ್ಲಿ ಹತ್ತಿ ಹಾರಿತು, ನಾನು ಒಂದು ಮೋಡವನ್ನೂ ಊದಲಿಲ್ಲ.

"ಆರು ಹೆಜ್ಜೆ!" ಅಕ್ಕ ಹತ್ತಿ ಉಗುಳುತ್ತಾ ನಗುತ್ತಿದ್ದಳು. "ಅಜ್ಜೀ, ಆರು ಹೆಜ್ಜೆ!"

ಅಂದಿನಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಬೀದಿಯಲ್ಲಿ ಒಂದು ಮೆರವಣಿಗೆ ಹೊರಡುತ್ತಿತ್ತು. ಮುಂದೆ ಅಪ್ಪನನ್ನು ಹೆಗಲಿಗೆ ಹಾಕಿಕೊಂಡ ಅಕ್ಕ, ಪಕ್ಕದಲ್ಲಿ ಕೋಲೂರಿಕೊಂಡು ಕಥೆ ಹೇಳುತ್ತಾ ಅಜ್ಜಿ, ಹಿಂದೆ ಅಪ್ಪನ ಚಪ್ಪಲಿ ಹಿಡಿದುಕೊಂಡು ನಾನು. ಅಕ್ಕನ ಓಟಕ್ಕೆ ಅಜ್ಜಿ ಸಮನಾಗಬೇಕಲ್ಲ, ಮೊದಮೊದಲು ಕಥೆಯೂ ಓಡುತ್ತಿತ್ತು: "ಮುದುಕ ಬಂದ, ಬಿಚ್ಚಿದ, ಹೋದ, ಅನ್ನೋ ಹ್ಞೂಂ!" ಬೇಕರಿಯವರು, "ಶ್, ಯಜಮಾನ್ರು ಮಲಗಿದ್ದಾರೆ," ಅಂತ ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದರು. ಒಂದು ದಿನ ಇಳಿಸುವಾಗ ಅಪ್ಪನ ತಲೆ ಕಲ್ಲಿಗೆ ಟಕ್ಕೆಂದಿತು. ಅದನ್ನು ಅವನು ಒಂದು ವಾರ ಹೇಳಿಕೊಂಡು ತಿರುಗಿದ. ಆಮೇಲೆ ಅಕ್ಕ ಇಳಿಸುವಾಗಲೆಲ್ಲ ಒಂದು ಕೈ ಅವನ ತಲೆಯ ಕೆಳಗೆ ಕೊಡುವುದನ್ನು ಕಲಿತಳು.

ಅಕ್ಕ ಹಗ್ಗ, ಸುರಂಗ ಅಂತಿದ್ದ ಹೊತ್ತಲ್ಲಿ ಹಾಸಿಗೆಯ ಅಂಚು ಹೊಲಿಯುವವಳು ನಾನಾದೆ. ಮೊದಲನೆಯದನ್ನು ಅಪ್ಪ ಬಿಚ್ಚಿಸಿದ. ಎರಡನೆಯದನ್ನೂ ಬಿಚ್ಚಿಸಿದ. ಮೂರನೆಯದರ ಮೇಲೆ ಹೆಬ್ಬೆರಳು ಓಡಿಸಿ, "ಕೋಳಿ ಸ್ವಲ್ಪ ಶಾಲೆಗೆ ಹೋದ ಹಾಗಿದೆ," ಅಂದ.

ಊಟದ ಹೊತ್ತು ಸಂದರ್ಶನದ ಅಭ್ಯಾಸಕ್ಕೆ ಮೀಸಲಾಯಿತು. ಅಜ್ಜಿ ದೊಡ್ಡ ಅಧಿಕಾರಿ.

"ವಿಮಾನಕ್ಕೆ ಬೆಂಕಿ ಬಿತ್ತು. ಒಳಗೆ ರಾಜ ಇದ್ದಾನೆ, ರಾಣಿ ಇದ್ದಾಳೆ. ಯಾರನ್ನ ಮೊದಲು ಎತ್ತೀಯ?"

"ಬಾಗಿಲ ಹತ್ತಿರ ಇರೋರನ್ನ ಅಜ್ಜಿ."

"ರಾಣಿ ಕೋಪಿಸ್ಕೊಂಡ್ರೆ?"

"ಜೀವ ಇದ್ರೆ ತಾನೆ ಕೋಪ!"

"ಕೆಲಸ ಕೊಟ್ಟೆ," ಅಂದಳು ಅಜ್ಜಿ. ಅಮ್ಮ ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ ಅಪ್ಪ, ತಟ್ಟೆಯಿಂದ ತಲೆ ಎತ್ತದೆ, ಅಂದ:

"ನಾನೊಂದು ಕೇಳ್ಲಾ? ಬೇರೆಯೋರನ್ನ ಎತ್ತೋಕೆ ಹೋಗಿ ನೀನೇ ಬಿದ್ರೆ, ನಿನ್ನನ್ನ ಯಾರು ಎತ್ತೋದು?"

ಅಕ್ಕ ಮೊಟ್ಟೆಯನ್ನು ಎರಡು ಹೋಳು ಮಾಡಿದಳು. ಒಂದನ್ನು ಅಪ್ಪನ ತಟ್ಟೆಗೆ ಹಾಕಿದಳು.

"ಅದಕ್ಕೆ ಉತ್ತರ ಇನ್ನೂ ಕಲ್ತಿಲ್ಲಪ್ಪ."

ಅಪ್ಪ ಆ ಅರ್ಧ ಮೊಟ್ಟೆ ತಿಂದ. ಎದ್ದು ಕೈತೊಳೆದ. ಆಮೇಲೆ ಯಾರೂ ಕರೆಯದೆಯೇ ಅಂಗಡಿಯ ನೆಲದ ಮೇಲೆ ಹೋಗಿ ಮಲಗಿಕೊಂಡು, "ಅಮ್ಮಾ, ಹೊತ್ತಾಗ್ತಿದೆ, ಶುರು ಮಾಡು," ಅಂದ.

ಪರೀಕ್ಷೆಯ ದಿನ ಅಪ್ಪ ಅಂಗಡಿಯ ಬಾಗಿಲು ಹಾಕಿದ. ನಾನು ಹುಟ್ಟಿದ ಮೇಲೆ ಕೆಲಸದ ದಿನ ಆ ಬಾಗಿಲು ಹಾಕಿದ್ದನ್ನು ಕಂಡಿರಲಿಲ್ಲ. "ಸುಮ್ನೆ ಬರ್ತಿದ್ದೀನಿ. ನನ್ನ ಹಾಸಿಗೆಗಳು ಹೇಗಿವೆ ಅಂತ ನೋಡ್ಬೇಕು," ಅಂತ ಗಾಡಿ ಹತ್ತಿದ. ಅಜ್ಜಿ ಮುಂದೆ, ಅಮ್ಮನ ಪಕ್ಕ. ಹಿಂದೆ ಅಪ್ಪ, ನಾನು, ಅಕ್ಕ. ಮೂಲೆಯಲ್ಲಿ ಅಳಿಯ. ಅವನನ್ನು ಯಾಕೆ ಕರೆದುಕೊಂಡು ಬಂದೆವೋ ಯಾರಿಗೂ ಗೊತ್ತಿಲ್ಲ.

ಓಟ, ಹಗ್ಗ, ಸುರಂಗ ಎಲ್ಲ ಮುಗಿಯಿತು. ಅಕ್ಕ ಬೊಂಬೆಯ ಮುಂದೆ ನಿಂತಳು. ಮೇಡಂ ಸೀಟಿ ಊದಿದರು.

ಅವಳು ಅದನ್ನು ಎತ್ತಲು ಅವಸರಪಡಲಿಲ್ಲ. ಮಂಡಿಯೂರಿ, ಅದರ ಎದೆಯನ್ನು ತನ್ನ ಎದೆಗೆ ಒರಗಿಸಿಕೊಂಡು, ತಲೆ ಜೋಲುವುದಕ್ಕೆ ಜಾಗ ಬಿಟ್ಟು, ಭಾರ ಎತ್ತ ವಾಲುತ್ತದೋ ಅತ್ತ ತಾನೇ ವಾಲಿ ಎದ್ದಳು. ಬೊಂಬೆ ಹೆಗಲ ಮೇಲೆ ಬಂದು ಕೂತಿತು. ಅಲ್ಲಿಂದ ಓಡಿದಳು ನೋಡಿ! ಬೇಲಿಯ ಈಚೆ ನನ್ನ ಪಕ್ಕದಲ್ಲಿ ಅಪ್ಪ ತಂತಿಯನ್ನು ಹಿಡಿದುಕೊಂಡಿದ್ದ. ಅವಳ ಒಂದೊಂದು ಹೆಜ್ಜೆಗೂ ಅವನ ಬಾಯಿಂದ ಮೆಲ್ಲಗೆ ಬರುತ್ತಿತ್ತು, "ಹ್ಞೂಂ. ಹ್ಞೂಂ. ಹ್ಞೂಂ."

ಆ ತುದಿಯಲ್ಲಿ ಉಳಿದವರು ಬೊಂಬೆಯನ್ನು ಎಸೆದು ಏದುಸಿರು ಬಿಡುತ್ತಿದ್ದರು. ಅಕ್ಕ ಬಗ್ಗಿ, ಒಂದು ಕೈಯನ್ನು ಅದರ ತಲೆಯ ಕೆಳಗೆ ಕೊಟ್ಟು, ಮಲಗಿಸಿದಳು. ಮೇಡಂ ಗಡಿಯಾರ ನೋಡುವುದನ್ನು ಬಿಟ್ಟು ಆ ಕೈಯನ್ನು ನೋಡಿದರು.

"ತಲೆ ಟಕ್ ಅಂದಿದ್ರೆ ಇವನ ಗೊಣಗಾಟ ಅದಕ್ಕೂ ಬರ್ತಿತ್ತು," ಅಂದಳು ಅಜ್ಜಿ. ಅಪ್ಪ ತಂತಿಗೆ ಹಣೆ ಒತ್ತಿಕೊಂಡಿದ್ದ. ಮನೆಗೆ ಬಂದರೂ ಹಣೆಯ ಮೇಲೆ ಬೇಲಿಯ ಚೌಕಗಳಿದ್ದವು.

ಸಂದರ್ಶನಕ್ಕೆ ಅಕ್ಕ ಒಬ್ಬಳೇ ಹೋದಳು. ಬಂದವಳೇ ಮೊದಲು ಊಟ, ಆಮೇಲೆ ಸುದ್ದಿ ಅಂದಳು. ನಾವೆಲ್ಲ ತಟ್ಟೆ ಮುಂದಿಟ್ಟುಕೊಂಡು ಕಾದೆವು.

"ಮೂರು ಜನ ಕೂತಿದ್ರು. ಹಾಸಿಗೆ ಅಂಗಡಿಯೋರು ನೀವು, ಬೆಂಕಿ ಕಂಡ್ರೆ ಭಯ ಇಲ್ವಾ ಅಂತ ಕೇಳಿದ್ರು."

"ಏನಂದೆ?" ಅಂದಳು ಅಮ್ಮ.

"ಇದೆ ಅಂದೆ. ನಮ್ಮ ಮನೇಲಿ ಎಲ್ಲರಿಗೂ ಇದೆ, ಅಪ್ಪನಿಗೆ ಎಲ್ಲರಿಗಿಂತ ಜಾಸ್ತಿ. ಅದಕ್ಕೇ ಇಷ್ಟು ವರ್ಷದಲ್ಲಿ ಅಂಗಡಿಗೆ ಒಂದು ಕಿಡಿ ಬಿದ್ದಿಲ್ಲ ಅಂದೆ. ಒಲೆ, ಬಾಗಿಲು, ಎಲ್ಲ ಹೇಳಿದೆ. ಕೂಗು ವಾಪಸ್ ಬರೋವರೆಗೂ ಕಡ್ಡಿ ಗೀರೋ ಹಾಗಿಲ್ಲ ಅಂದೆ. ಒಬ್ರು ಅದನ್ನ ಬರ್ಕೊಂಡ್ರು."

ಅಪ್ಪ ನೀರಿನ ಲೋಟವನ್ನು ಎತ್ತಿ, ಕುಡಿಯದೆ, ಕೆಳಗಿಟ್ಟ.

"ಆಮೇಲೆ, ಮನೇಲಿ ಒಪ್ಪಿದ್ದಾರಾ ಅಂತ ಕೇಳಿದ್ರು. ಅಜ್ಜಿ, ಅಮ್ಮ, ತಂಗಿ ಒಪ್ಪಿದ್ದಾರೆ ಅಂದೆ. ಮತ್ತೆ ಅಪ್ಪ? ಅಂದ್ರು." ಅಕ್ಕ ಅಪ್ಪನ ಕಡೆ ನೋಡಲಿಲ್ಲ. "ಅಪ್ಪ ಬಾಯಿ ಬಿಟ್ಟು ಒಪ್ಪಿಲ್ಲ ಸರ್, ಆದರೆ ನನ್ನ ಹೆಗಲ ಮೇಲೆ ಗೊರಕೆ ಹೊಡೆದಿದ್ದಾರೆ ಅಂದೆ."

ಅಮ್ಮ ಸೌಟು ಹಿಡಿದುಕೊಂಡೇ ಕೂತುಬಿಟ್ಟಳು. ಅಜ್ಜಿ ನಕ್ಕಳೋ ಅತ್ತಳೋ, ಸೆರಗು ಮಾತ್ರ ಮುಖದ ಮೇಲಿತ್ತು.

"ನಾನು ಗೊರಕೆ ಹೊಡೆಯಲ್ಲ," ಅಂದ ಅಪ್ಪ.

ಆಯ್ಕೆಯ ಸುದ್ದಿ ಬಂದ ದಿನ ಅದನ್ನು ಬೀದಿಗೆ ಹೇಳಿದವರು ಬೇಕರಿಯವರು. ಅಕ್ಕನ ಕೂಗು ಅವರ ಅಂಗಡಿಯವರೆಗೂ ಹೋಗಿತ್ತು. ಅವರು ಬಿಸಿ ಬ್ರೆಡ್ಡಿನ ಬುಟ್ಟಿಯೊಂದಿಗೆ ಬಂದು, ಅಳಿಯನ ಕೈಕುಲುಕಿ, "ಅಭಿನಂದನೆ" ಅಂದರು. ಅಪ್ಪ ಹೊಸ ಪಟ್ಟೆ ಬಟ್ಟೆ ಹಾಸಿಕೊಂಡ. ಅಳತೆಗೋಲು ಹಿಡಿದು ಅಕ್ಕನನ್ನು ತಲೆಯಿಂದ ಹಿಮ್ಮಡಿಯವರೆಗೆ ಅಳೆದು, ಒಂದು ಹಾಸಿಗೆಗೆ ಬಟ್ಟೆ ಕತ್ತರಿಸತೊಡಗಿದ.

"ಯಾರಿಗಪ್ಪಾ?"

"ಠಾಣೇಲಿ ಒಂದು ಮಂಚ ನಿಂದೂ ಇರುತ್ತಲ್ಲ. ಅಳತೆ ಮೇಲೆ ಒಂದು ಮೊಳ ಜಾಸ್ತಿ ಬಿಟ್ಟಿದ್ದೀನಿ." ಅಪ್ಪ ಕತ್ತರಿ ನಿಲ್ಲಿಸಲಿಲ್ಲ. "ಅಂಚು ಚಿಕ್ಕವಳು ಹೊಲೀತಾಳೆ."

ನಾನು ಓಡಿಹೋಗಿ ದಬ್ಬಳಕ್ಕೆ ದಾರ ಪೋಣಿಸಿದೆ.

ಸಂಜೆ ಊಟವಾದ ಮೇಲೆ ಅಪ್ಪ ಅದೇ ಅರ್ಧ ಹೊಲಿದ ಹಾಸಿಗೆಯ ಮೇಲೆ ಒರಗಿ ಅಜ್ಜಿಯನ್ನು ಕೇಳಿದ, "ಅಮ್ಮಾ, ಆ ಏಳನೇ ಚೀಲದಲ್ಲಿ ಏನಿತ್ತು?"

"ಯಾವ ಚೀಲ?"

"ಗಾಳಿ ಮಾರೋನದ್ದು. ಆರು ಬಿಚ್ಚಿದ. ಏಳನೇದು?"

"ನಂಗೇನು ಗೊತ್ತೋ!" ಅಜ್ಜಿ ಕಣ್ಣರಳಿಸಿದಳು. "ಚಿಕ್ಕವನಿದ್ದಾಗ ಒಂದು ದಿನವಾದ್ರೂ ಅಲ್ಲೀವರೆಗೂ ಎದ್ದಿದ್ಯಾ ನೀನು? ಕೇಳೋರೇ ಇಲ್ಲದ ಮೇಲೆ ಯಾರಿಗೆ ಅಂತ ಕಟ್ಲಿ?"

"ಇವತ್ತು ಕಟ್ಟು. ನಾನು ಮಲಗಲ್ಲ."

ಅಜ್ಜಿ ಸ್ಟೂಲು ಎಳೆದುಕೊಂಡಳು. ಅಕ್ಕ ಅಳಿಯನಿಗೆ ಒರಗಿ ಕೂತಳು. ಬಟ್ಟೆ ಒಣಗಿದವು, ಗಾಳಿಪಟ ಎದ್ದವು, ದೋಣಿ ಹೊರಟವು. ಅಪ್ಪ ಗಟ್ಟಿಯಾಗಿ ಹ್ಞೂಂ ಅನ್ನುತ್ತಿದ್ದ. ಆರನೆಯ ಊರು ದಾಟಿತು. ನಾವೆಲ್ಲ ಕತ್ತು ಮುಂದೆ ಚಾಚಿದೆವು.

"ಏಳನೇ ಊರಿಗೆ ಬಂದ. ಕೊನೇ ಚೀಲ ಕೆಳಗಿಟ್ಟ. ಗಂಟಿಗೆ ಕೈ ಹಾಕಿದ."

ಹ್ಞೂಂ ಬರಲಿಲ್ಲ.

ಅಜ್ಜಿ ಮಗನ ಮುಖ ನೋಡಿದಳು. "ಗಂಟು ಮತ್ತೆ ಬಿಗಿದ," ಅಂದಳು ಮೆಲ್ಲಗೆ.

ಅಕ್ಕ ಎದ್ದು ಬಂದು ಮಂಡಿಯೂರಿದಳು. ಈಗ ಓಟವಿಲ್ಲ, ಸೀಟಿಯಿಲ್ಲ. ಅಪ್ಪನ ಎದೆಯನ್ನು ತನ್ನ ಎದೆಗೆ ಒರಗಿಸಿಕೊಂಡು, ಅವನು ವಾಲಿದ ಕಡೆಗೆ ತಾನೂ ವಾಲಿ, ಎತ್ತಿಕೊಂಡಳು. ಅಂಗಡಿ ದಾಟಿ ಒಳಕೋಣೆಯ ಕಡೆ ನಡೆದಳು. ಹಾಲು ಬಿಸಿ ಮಾಡಲು ಹೋಗಿದ್ದ ಅಮ್ಮ ಅದೇ ಹೊತ್ತಿಗೆ ಅಡುಗೆಮನೆಯಿಂದ ಕೂಗಿದಳು:

"ಒಲೆ!"

ಅಕ್ಕನ ಹೆಗಲ ಮೇಲಿಂದ, ಕಣ್ಣು ಬಿಡದೆ, ಮೈ ಬಿಗಿಯದೆ, ಅಪ್ಪನ ದನಿ ಬಂತು.

"ಬಾಗಿಲು."

ಅಕ್ಕ ಕಾಲಿನಿಂದ ನಡುಬಾಗಿಲು ದೂಡಿದಳು.